ಅಪ್ಲಿಕೇಶನ್ ಸರ್ವರ್ ಆರೋಗ್ಯ ನೀತಿ

ಅಪ್ಲಿಕೇಶನ್ ಸರ್ವರ್ ಆರೋಗ್ಯ ನೀತಿ ಎಂಬುದು ಒಂದು ಸರ್ವರ್‌ನ ಸ್ಥಿತಿ ಕೆಟ್ಟಿದೆಯೆಂದು ಯಾವಾಗ ತಿಳಿಯಬೇಕು, ತಿಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಮುಂಚಿತವಾಗಿ ಬರೆದಿಟ್ಟ ನಿಯಮ. ಜಾಲತಾಣದಲ್ಲಿ ಬಳಕೆದಾರರು ಸಲ್ಲಿಸುವ ಕೋರಿಕೆಗಳನ್ನು ಪಡೆದು, ಅದಕ್ಕೆ ಬೇಕಾದ ಲೆಕ್ಕಾಚಾರ ನಡೆಸಿ, ದತ್ತಸಂಚಯದಿಂದ ಮಾಹಿತಿ ತಂದು ಉತ್ತರಿಸುವ ತಂತ್ರಾಂಶವೇ ಅಪ್ಲಿಕೇಶನ್ ಸರ್ವರ್. ಪೂರ್ಣವಾಗಿ ನಿಂತುಹೋದ ಸರ್ವರನ್ನು ಗುರುತಿಸುವುದು ಸುಲಭ. ನಿಲ್ಲದೆ ಕುಂಟುತ್ತ ನಡೆಯುವ ಸರ್ವರನ್ನು ಗುರುತಿಸುವುದೇ ಕಷ್ಟ. ಆರೋಗ್ಯ ನೀತಿಗಳು ಮುಖ್ಯವಾಗಿ ಹುಟ್ಟಿರುವುದು ಇಂಥವುಗಳಿಗಾಗಿ.

ಈ ಲೇಖನವು ಐಬಿಎಂ ಸಂಸ್ಥೆಯ ವೆಬ್‌ಸ್ಫಿಯರ್ ಅಪ್ಲಿಕೇಶನ್ ಸರ್ವರ್‌ನಲ್ಲಿರುವ ವ್ಯವಸ್ಥೆಯನ್ನು ಕುರಿತದ್ದು. ಮೊದಲು ವೆಬ್‌ಸ್ಫಿಯರ್ ವರ್ಚುಯಲ್ ಎಂಟರ್‌ಪ್ರೈಸ್ ಎಂಬ ಪ್ರತ್ಯೇಕ ಉತ್ಪನ್ನದಲ್ಲಿದ್ದ ಈ ಸೌಲಭ್ಯವನ್ನು 2012ರಲ್ಲಿ ಬಿಡುಗಡೆಯಾದ 8.5ನೆಯ ಆವೃತ್ತಿಯಲ್ಲಿ 'ಇಂಟೆಲಿಜೆಂಟ್ ಮ್ಯಾನೇಜ್‌ಮೆಂಟ್' ಎಂಬ ಹೆಸರಿನಲ್ಲಿ ಮುಖ್ಯ ಉತ್ಪನ್ನದ ಭಾಗವಾಗಿ ಸೇರಿಸಲಾಯಿತು.

ನೀತಿಯ ಅಂಗಗಳು

ಪ್ರತಿಯೊಂದು ನೀತಿಯಲ್ಲೂ ನಾಲ್ಕು ಸಂಗತಿಗಳಿರುತ್ತವೆ: ಗಮನಿಸಬೇಕಾದ ಸ್ಥಿತಿ, ಕೈಗೊಳ್ಳಬೇಕಾದ ಕ್ರಮ, ನೀತಿಯು ಅನ್ವಯಿಸುವ ಸರ್ವರ್ ಅಥವಾ ಸರ್ವರ್‌ಗಳ ಗುಂಪು, ಮತ್ತು ಪ್ರತಿಕ್ರಿಯೆಯ ವಿಧಾನ. ಆರೋಗ್ಯ ನಿಯಂತ್ರಕವೆಂಬ ಘಟಕವು ನಿಗದಿತ ಅವಧಿಗೊಮ್ಮೆ ಈ ಸ್ಥಿತಿಗಳನ್ನು ಪರಿಶೀಲಿಸುತ್ತದೆ.

ಸ್ಥಿತಿಗಳು

ಸರ್ವರ್ ಎಷ್ಟು ಕಾಲದಿಂದ ಓಡುತ್ತಿದೆ, ಎಷ್ಟು ಕೋರಿಕೆಗಳನ್ನು ಪೂರೈಸಿದೆ, ಉತ್ತರಿಸಲು ಎಷ್ಟು ಸಮಯ ತೆಗೆದುಕೊಳ್ಳುತ್ತಿದೆ, ಎಷ್ಟು ಕೋರಿಕೆಗಳು ಕಾಲಮಿತಿ ಮೀರಿ ವಿಫಲವಾಗುತ್ತಿವೆ, ಎಷ್ಟು ಮೆಮೊರಿ ಬಳಸುತ್ತಿದೆ ಎಂಬಂಥ ಹಲವು ಸ್ಥಿತಿಗಳು ಸಿದ್ಧವಾಗಿ ದೊರೆಯುತ್ತವೆ. ಇವುಗಳಲ್ಲಿ ವಯಸ್ಸಿನ ಸ್ಥಿತಿಯು ಅತ್ಯಂತ ಸರಳವಾದುದು: ಇಷ್ಟು ದಿನಗಳಾದ ಮೇಲೆ ಸರ್ವರನ್ನು ಮರುಚಾಲನೆ ಮಾಡು ಎನ್ನುವುದಷ್ಟೇ. ರೋಗದ ಕಾರಣ ತಿಳಿಯಲಿಲ್ಲವೆಂಬ ಒಪ್ಪಿಗೆಯೂ ಅದರಲ್ಲಿ ಅಡಗಿದೆ ಎನ್ನಬಹುದು.

ಮೆಮೊರಿ ಸೋರಿಕೆಯು ಹೆಚ್ಚು ಸೂಕ್ಷ್ಮವಾದುದು. ಜಾವಾ ಭಾಷೆಯ ಕ್ರಮವಿಧಿಗಳಲ್ಲಿ ಬೇಡವಾದ ವಸ್ತುಗಳನ್ನು 'ಗಾರ್ಬೇಜ್ ಕಲೆಕ್ಟರ್' ತಾನಾಗಿ ತೆರವು ಮಾಡುತ್ತದೆ. ಆದರೆ ಕ್ರಮವಿಧಿಯು ಒಂದು ವಸ್ತುವಿನ ಉಲ್ಲೇಖವನ್ನು ಮರೆತು ಹಿಡಿದುಕೊಂಡೇ ಇದ್ದರೆ ಅದನ್ನು ತೆರವು ಮಾಡಲಾಗದು. ಹೀಗೆ ಉಳಿದವುಗಳು ದಿನದಿನಕ್ಕೆ ಸೇರಿ, ಒಂದು ಹಂತದಲ್ಲಿ ಹೊಸ ವಸ್ತುವಿಗೆ ಜಾಗವೇ ಇಲ್ಲದಂತಾಗುತ್ತದೆ. ಬಳಕೆಯ ಪ್ರಮಾಣವನ್ನು ಒಂದು ಕ್ಷಣದಲ್ಲಿ ಅಳೆದರೆ ಸೋರಿಕೆ ತಿಳಿಯದು. ತೆರವಿನ ನಂತರವೂ ಉಳಿಯುವ ಮೆಮೊರಿ ಏರುತ್ತ ಹೋಗುತ್ತಿದೆಯೇ ಎಂಬುದನ್ನು ನೋಡಬೇಕಾಗುತ್ತದೆ.

'ಸ್ಟಾರ್ಮ್ ಡ್ರೈನ್' ಎಂಬ ಸ್ಥಿತಿಯು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಇಲ್ಲಿ ಸರ್ವರ್ ನಿಧಾನವಾಗುವುದಿಲ್ಲ, ಅನುಮಾನ ಬರುವಷ್ಟು ವೇಗವಾಗುತ್ತದೆ. ದತ್ತಸಂಚಯದ ಸಂಪರ್ಕ ಕಡಿದುಹೋದ ಸರ್ವರ್ ಯಾವ ಕೆಲಸವನ್ನೂ ಮಾಡದೆ ತಕ್ಷಣ ದೋಷ ಸಂದೇಶವನ್ನು ಹಿಂದಿರುಗಿಸುತ್ತದೆ. ಕೋರಿಕೆಗಳನ್ನು ಹಂಚುವ ಘಟಕವು ಇದನ್ನು ಚುರುಕುತನವೆಂದು ಭಾವಿಸಿ ಇನ್ನಷ್ಟು ಕೋರಿಕೆಗಳನ್ನು ಅತ್ತಲೇ ಕಳುಹಿಸುತ್ತದೆ. ಮಳೆನೀರು ಚರಂಡಿಗೆ ಹರಿದು ಹೋಗುವಂತೆ ಎಲ್ಲ ಕೋರಿಕೆಗಳೂ ಕೆಟ್ಟ ಸರ್ವರ್‌ನತ್ತ ಹರಿಯುತ್ತವೆ. ಹೆಸರಿನ ಅರ್ಥವೂ ಅದೇ. ಆದುದರಿಂದ ಉತ್ತರದ ಅವಧಿಯು ಹಠಾತ್ತನೆ ಕುಸಿದುದನ್ನೂ ಈ ವ್ಯವಸ್ಥೆಯು ರೋಗಲಕ್ಷಣವೆಂದೇ ಪರಿಗಣಿಸುತ್ತದೆ.

ಕ್ರಮಗಳು ಮತ್ತು ಅವುಗಳ ಅನುಕ್ರಮ

ಮರುಚಾಲನೆಯು ಎಲ್ಲರಿಗೂ ಮೊದಲು ಹೊಳೆಯುವ ಕ್ರಮ. ಅದರಿಂದ ಸರ್ವರ್ ತಾತ್ಕಾಲಿಕವಾಗಿ ಸರಿಹೋಗುವುದೂ ನಿಜ. ಆದರೆ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅದರೊಡನೆ ಅಳಿಸಿಹೋಗುತ್ತದೆ. ಸೋರಿಕೆಗೆ ಕಾರಣವಾದ ದೋಷ ಕ್ರಮವಿಧಿಯಲ್ಲೇ ಉಳಿದು, ಅದೇ ತೊಂದರೆ ಮರುಕಳಿಸುತ್ತದೆ. ಈ ಕಾರಣದಿಂದ ನೀತಿಯಲ್ಲಿ ಒಂದಕ್ಕಿಂತ ಹೆಚ್ಚು ಕ್ರಮಗಳನ್ನು ಅನುಕ್ರಮವಾಗಿ ಸೇರಿಸುವ ಅವಕಾಶವಿದೆ. ಮೊದಲು ಸರ್ವರನ್ನು ನಿರ್ವಹಣಾ ಸ್ಥಿತಿಗೆ ತಂದು ಹೊಸ ಬಳಕೆದಾರರ ಕೋರಿಕೆಗಳು ಬಾರದಂತೆ ಮಾಡುವುದು, ಬಳಿಕ 'ಹೀಪ್ ಡಂಪ್' ಅಂದರೆ ಮೆಮೊರಿಯ ಚಿತ್ರಣವನ್ನು ಕಡತವಾಗಿ ಉಳಿಸುವುದು, ಕೊನೆಗೆ ಮರುಚಾಲನೆ ಮಾಡುವುದು ಸೂಕ್ತ ಅನುಕ್ರಮ. ಚಿತ್ರಣವನ್ನು ಬರೆಯುವಷ್ಟು ಹೊತ್ತು ಸರ್ವರ್ ಸ್ತಬ್ಧವಾಗುವುದರಿಂದ ನಿರ್ವಹಣಾ ಸ್ಥಿತಿ ಮೊದಲು ಬರಬೇಕು. ಸರ್ವರ್ ಸಿಕ್ಕಿಹಾಕಿಕೊಂಡಂತೆ ತೋರಿದರೆ ಹೀಪ್ ಡಂಪ್‌ಗಿಂತ 'ಥ್ರೆಡ್ ಡಂಪ್' ಹೆಚ್ಚು ಉಪಯುಕ್ತ. ಯಾವ ಕೆಲಸ ಎಲ್ಲಿ ಕಾಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ.

ಪ್ರತಿಕ್ರಿಯೆಯ ವಿಧಾನ ಎರಡು ಬಗೆಯದು. ಸ್ವಯಂಚಾಲಿತ ವಿಧಾನದಲ್ಲಿ ನಿಯಂತ್ರಕವೇ ಕ್ರಮ ಕೈಗೊಳ್ಳುತ್ತದೆ. ಮೇಲ್ವಿಚಾರಣೆಯ ವಿಧಾನದಲ್ಲಿ ಅದು ಸಲಹೆಯನ್ನಷ್ಟೇ ನೀಡುತ್ತದೆ. ನಿರ್ವಾಹಕರು ಒಪ್ಪಿದರೆ ಮಾತ್ರ ಕಾರ್ಯ ನಡೆಯುತ್ತದೆ. ಹೊಸ ನೀತಿಯನ್ನು ಮೊದಲು ಮೇಲ್ವಿಚಾರಣೆಯಲ್ಲಿಟ್ಟು, ಅದರ ಸಲಹೆಗಳು ಸರಿಯಾಗಿವೆಯೇ ಎಂದು ಕೆಲಕಾಲ ಗಮನಿಸಿದ ಮೇಲೆ ಸ್ವಯಂಚಾಲಿತಗೊಳಿಸುವುದು ವಿವೇಕ. ಮಿತಿ ತಪ್ಪಿ ನಿಗದಿಯಾದ ನೀತಿಯೊಂದು ಆರೋಗ್ಯವಾಗಿರುವ ಸರ್ವರ್‌ಗಳನ್ನೇ ಒಂದಾದ ಮೇಲೊಂದರಂತೆ ಮರುಚಾಲನೆ ಮಾಡಿ, ರೋಗಕ್ಕಿಂತ ಮದ್ದೇ ಹೆಚ್ಚು ಹಾನಿ ಮಾಡಬಲ್ಲದು. ಇದನ್ನು ತಡೆಯಲು ಎರಡು ಮರುಚಾಲನೆಗಳ ನಡುವಿನ ಕನಿಷ್ಠ ಅಂತರ, ಸತತ ಪ್ರಯತ್ನಗಳ ಗರಿಷ್ಠ ಸಂಖ್ಯೆ, ಮರುಚಾಲನೆ ನಿಷಿದ್ಧವಾದ ದಿನ ಮತ್ತು ವೇಳೆ ಇವುಗಳನ್ನು ನಿಯಂತ್ರಕದಲ್ಲಿ ನಿಗದಿಪಡಿಸಬಹುದು.

ಸ್ಕ್ರಿಪ್ಟ್ ಮೂಲಕ ನಿರ್ವಹಣೆ

ನೀತಿಗಳನ್ನು ಜಾಲಪುಟದ ಆಡಳಿತ ಫಲಕದಲ್ಲಿಯೂ ರಚಿಸಬಹುದು. ಆದರೆ ಪರೀಕ್ಷಾ ವ್ಯವಸ್ಥೆಯಲ್ಲಿ ಒಪ್ಪಿತವಾದ ನೀತಿಯನ್ನು ನೈಜ ವ್ಯವಸ್ಥೆಗೆ ಕೈಯಾರೆ ಮತ್ತೆ ನಮೂದಿಸುವಾಗ 5 ಎಂಬುದು 50 ಆಗಬಹುದು, ಅದು ಯಾರ ಕಣ್ಣಿಗೂ ಬೀಳದಿರಬಹುದು. ಸ್ಕ್ರಿಪ್ಟ್‌ನಲ್ಲಿ ಬರೆದ ನೀತಿಯನ್ನು ಇನ್ನೊಬ್ಬರು ಓದಿ ಪರಿಶೀಲಿಸಬಹುದು. ಯಾವ ಮಿತಿ ಯಾವಾಗ ಬದಲಾಯಿತೆಂಬ ದಾಖಲೆಯೂ ಉಳಿಯುತ್ತದೆ.

ವೆಬ್‌ಸ್ಫಿಯರ್‌ನಲ್ಲಿ ಇದಕ್ಕಾಗಿ 'ಡಬ್ಲ್ಯೂಎಸ್‌ಆಡ್ಮಿನ್' ಎಂಬ ಕಮಾಂಡ್ ಲೈನ್ ಸಾಧನವಿದೆ. ಇದು ಜೇಕಲ್ ಮತ್ತು ಜೈಥಾನ್ ಭಾಷೆಗಳ ಸ್ಕ್ರಿಪ್ಟ್‌ಗಳನ್ನು ನಡೆಸುತ್ತದೆ. ಪೈಥಾನ್ ಬಲ್ಲವರಿಗೆ ಜೈಥಾನ್ ಸುಲಭ. ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅದರಲ್ಲಿ ಅರ್ಥವಿರುವುದರಿಂದ ನಕಲು ಮಾಡುವಾಗ ಎಚ್ಚರ ಬೇಕು. ಸ್ಕ್ರಿಪ್ಟ್ 'ಡಿಪ್ಲಾಯ್‌ಮೆಂಟ್ ಮ್ಯಾನೇಜರ್' ಎಂಬ ಕೇಂದ್ರ ಘಟಕವನ್ನು ಸಂಪರ್ಕಿಸುತ್ತದೆ. ಬಳಿಕ ಸಂರಚನೆಯನ್ನು ಓದಿ ಬದಲಿಸಲು 'ಆಡ್ಮಿನ್‌ಕಾನ್ಫಿಗ್' ಎಂಬ ವಸ್ತುವನ್ನೂ, ಸಿದ್ಧ ಆಡಳಿತ ಕಾರ್ಯಗಳಿಗೆ 'ಆಡ್ಮಿನ್‌ಟಾಸ್ಕ್' ಎಂಬುದನ್ನೂ ಬಳಸಲಾಗುತ್ತದೆ. ಆಡ್ಮಿನ್‌ಟಾಸ್ಕ್‌ನ 'ಹೆಲ್ಪ್' ಆದೇಶವು ಆಯಾ ಆವೃತ್ತಿಯಲ್ಲಿರುವ ಆದೇಶಗಳ ಗುಂಪುಗಳನ್ನು ಪಟ್ಟಿಮಾಡಿಕೊಡುತ್ತದೆ.

ಅದೇ ಹೆಸರಿನ ನೀತಿ ಈಗಾಗಲೇ ಇದೆಯೇ ಎಂದು ಸ್ಕ್ರಿಪ್ಟ್ ಮೊದಲು ನೋಡಬೇಕು. ಇದ್ದರೆ ತಿದ್ದಬೇಕು, ಇಲ್ಲದಿದ್ದರೆ ಮಾತ್ರ ರಚಿಸಬೇಕು. ಆಗ ಅದನ್ನು ಎರಡು ಬಾರಿ ನಡೆಸಿದರೂ ಫಲಿತಾಂಶ ಒಂದೇ ಆಗಿರುತ್ತದೆ. ಬದಲಾವಣೆಗಳು 'ಸೇವ್' ಆದೇಶ ನೀಡುವವರೆಗೆ ತಾತ್ಕಾಲಿಕ. ಈ ಒಂದು ಸಾಲು ಬಿಟ್ಟುಹೋದರೆ ಸ್ಕ್ರಿಪ್ಟ್ ಮುಗಿದರೂ ನೀತಿ ಮಾತ್ರ ಇಲ್ಲವಾಗಿರುತ್ತದೆ. ಉಳಿಸಿದ ನಂತರ ಸಂರಚನೆಯನ್ನು ಪ್ರತಿ ನೋಡ್‌ಗೂ ಸಮನ್ವಯಗೊಳಿಸಬೇಕು.

ನಿರ್ವಾಹಕರ ಗುಪ್ತಪದವನ್ನು ಆದೇಶದ ಸಾಲಿನಲ್ಲೇ ಬರೆದರೆ ಅದು ಆದೇಶಗಳ ಇತಿಹಾಸದಲ್ಲಿ ಉಳಿಯಬಹುದು. ಸಂಪರ್ಕದ ಗುಣಲಕ್ಷಣಗಳ ಕಡತದಲ್ಲಿ ಅದನ್ನು ಸಂಕೇತರೂಪದಲ್ಲಿ ಇಡುವ ಸೌಲಭ್ಯವಿದೆ. ಸಾಮಾನ್ಯವಾಗಿ ಬಳಸುವ ಈ ಸಂಕೇತವನ್ನು ಮೂಲರೂಪಕ್ಕೆ ತರುವುದು ಸುಲಭ. ಆದುದರಿಂದ ಕಡತವನ್ನು ಓದುವ ಅನುಮತಿಯನ್ನೂ ಸೀಮಿತಗೊಳಿಸಬೇಕು.

ಇತರ ವ್ಯವಸ್ಥೆಗಳಲ್ಲಿ

ಕುಬರ್ನೆಟಿಸ್‌ನಲ್ಲಿ ಇದೇ ವಿಚಾರ ಬೇರೆ ರೂಪದಲ್ಲಿದೆ. ಅಲ್ಲಿನ ಜೀವಂತಿಕೆಯ ತಪಾಸಣೆ ವಿಫಲವಾದರೆ ಕಂಟೇನರ್ ಮರುಚಾಲನೆಯಾಗುತ್ತದೆ. ಸಿದ್ಧತೆಯ ತಪಾಸಣೆ ವಿಫಲವಾದರೆ ಕೋರಿಕೆಗಳು ಮಾತ್ರ ನಿಲ್ಲುತ್ತವೆ. ಬೇರೆ ಸೂಚನೆ ಇಲ್ಲದಿದ್ದರೆ ತಪಾಸಣೆ 10 ಸೆಕೆಂಡಿಗೊಮ್ಮೆ ನಡೆದು, ಸತತ 3 ವೈಫಲ್ಯಗಳ ನಂತರ ಕ್ರಮ ಜರುಗುತ್ತದೆ. ಕಂಟೇನರ್‌ನೊಳಗೆ ಬರೆದ ಕಡತಗಳು ಮರುಚಾಲನೆಯೊಡನೆ ಅಳಿಯುವುದರಿಂದ, ಮೆಮೊರಿಯ ಚಿತ್ರಣವನ್ನು ಹೊರಗಿನಿಂದ ಜೋಡಿಸಿದ ಸಂಗ್ರಹದಲ್ಲಿ ಬರೆಯುವ ವ್ಯವಸ್ಥೆಯನ್ನು ಮೊದಲೇ ಮಾಡಿರಬೇಕಾಗುತ್ತದೆ.