ಸಂಬಳದ ಲೆಕ್ಕ ಕೇಳುವ ತಲೆಮಾರು

ಕೆಲಸ ಮಾಡಿದ ದಿನಕ್ಕೂ ಅದರ ಸಂಬಳ ಕೈಸೇರುವ ದಿನಕ್ಕೂ ನಡುವಿನ ಅಂತರವನ್ನು ಭಾರತದ ಸಂಬಳದಾರರು ಬಹುಕಾಲ ಪ್ರಶ್ನಿಸದೆ ಒಪ್ಪಿಕೊಂಡಿದ್ದರು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಮುಂದಿನ ತಿಂಗಳ 7ನೆಯ ದಿನದೊಳಗೆ, ಅದಕ್ಕಿಂತ ದೊಡ್ಡ ಕಡೆ 10ನೆಯ ದಿನದೊಳಗೆ ಸಂಬಳ ಬಟವಾಡೆಯಾಗಬೇಕೆಂದು 1936ರ ವೇತನ ಪಾವತಿ ಕಾಯ್ದೆ ವಿಧಿಸಿದಾಗ ಅದು ಅಂದಿನ ಕಾರ್ಮಿಕರಿಗೆ ದೊಡ್ಡ ರಕ್ಷಣೆಯಾಗಿತ್ತು. ಮಾಲೀಕನು ತನಗೆ ತೋಚಿದಾಗ ಕೊಟ್ಟು, ತೋಚಿದಷ್ಟು ಹಿಡಿದುಕೊಳ್ಳುವ ರೂಢಿಗೆ ಕಡಿವಾಣ ಹಾಕುವುದೇ ಆ ಕಾಯ್ದೆಯ ಉದ್ದೇಶವಾಗಿತ್ತು. ಮೂರು ತಲೆಮಾರುಗಳ ಅನಂತರ ಅದೇ ಅವಧಿ ವಿಳಂಬವಾಗಿ ಕಾಣತೊಡಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ ದುಡಿಮೆಗೆ ಕಾಲಿಟ್ಟವರಿಗೆ, ಚಹಾದಂಗಡಿಯವನ ಹತ್ತು ರೂಪಾಯಿ ಕ್ಷಣದಲ್ಲಿ ಅವನ ಖಾತೆ ಸೇರುವಾಗ ತಮ್ಮ ತಿಂಗಳ ಸಂಬಳ ಮಾತ್ರ ಏಕೆ ಕಾಯಿಸಬೇಕೆಂಬ ಪ್ರಶ್ನೆ ಬರುವುದು ಸಹಜವೇ ಆಗಿದೆ.

ಹಣ ಕಳಿಸುವುದಕ್ಕೆ ಈಗ ಹೊತ್ತು ಹಿಡಿಯುವುದಿಲ್ಲ. ಹೊತ್ತು ಹಿಡಿಯುವುದು ಲೆಕ್ಕಕ್ಕೆ. ಪೇರೋಲ್ ಎಂದು ಕಚೇರಿಗಳಲ್ಲಿ ಕರೆಯುವ ಸಂಬಳ ಪಟ್ಟಿಯ ಕೆಲಸ ಹಾಜರಾತಿಯಿಂದ ಮೊದಲಾಗುತ್ತದೆ. ಪ್ರತಿಯೊಬ್ಬ ನೌಕರನ ಹಾಜರಿ, ರಜೆ, ಓವರ್‌ಟೈಮ್, ಬಡ್ತಿಯಿಂದ ಸಲ್ಲಬೇಕಾದ ಬಾಕಿ ಇವೆಲ್ಲವನ್ನೂ ಸಾಮಾನ್ಯವಾಗಿ ತಿಂಗಳ ಮೂರನೆಯ ವಾರದ ಹೊತ್ತಿಗೆ ಕಲೆಹಾಕಿ, ಮೂಲ ವೇತನಕ್ಕೆ ಭತ್ಯೆಗಳನ್ನು ಕೂಡಿಸಿ, ಭವಿಷ್ಯ ನಿಧಿ, ಇಎಸ್‌ಐ, ವೃತ್ತಿ ತೆರಿಗೆ, ಸಂಬಳದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆಯಾದ ಟಿಡಿಎಸ್ ಮುಂತಾದ ಕಟಾವಣೆಗಳನ್ನು ಕಳೆದು, ಹಿಂದಿನ ತಿಂಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಬ್ಯಾಂಕಿಗೆ ಕಳಿಸುವವರೆಗೆ ಅದು ಸಾಗುತ್ತದೆ. ಎಲ್ಲರ ಲೆಕ್ಕವನ್ನೂ ನಿಗದಿತ ಅವಧಿಗೊಮ್ಮೆ ಒಟ್ಟಿಗೆ ಹಾಕುವ ಈ ಪದ್ಧತಿ ಲೆಡ್ಜರುಗಳ ಕಾಲದ್ದು. ಬ್ರಿಟನ್ನಿನಲ್ಲಿ ಚಹಾದಂಗಡಿಗಳ ಸರಣಿಯನ್ನು ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿಯು ವ್ಯಾಪಾರದ ಕೆಲಸಗಳಿಗೆಂದೇ ನಿರ್ಮಿಸಿಕೊಂಡ ಲಿಯೋ ಎಂಬ ಕಂಪ್ಯೂಟರಿಗೆ 1950ರ ದಶಕದ ಮೊದಲರ್ಧದಲ್ಲೇ ನೌಕರರ ಸಂಬಳದ ಲೆಕ್ಕವನ್ನು ಒಪ್ಪಿಸಿತ್ತು; ಅಂದರೆ ಕಚೇರಿಯ ಕೆಲಸಗಳಲ್ಲಿ ಯಂತ್ರದ ಪಾಲಾದ ಮೊದಮೊದಲ ಕೆಲಸಗಳಲ್ಲಿ ಇದೂ ಒಂದು. ಆದರೂ ಲೆಕ್ಕದ ವೇಗ ಹೆಚ್ಚಿತೇ ಹೊರತು ಅವಧಿಗೊಮ್ಮೆ ಲೆಕ್ಕ ಹಾಕುವ ಕ್ರಮ ಬದಲಾಗಲಿಲ್ಲ, ಬದಲಾಗಬೇಕೆಂದು ಯಾರೂ ಒತ್ತಾಯಿಸಲೂ ಇಲ್ಲ.

ಒತ್ತಾಯ ಈಗ ಬರುತ್ತಿದೆ, ಮತ್ತು ಅದು ವೇಗಕ್ಕೆ ಮಾತ್ರ ಸೀಮಿತವಾಗಿಲ್ಲ. ಭವಿಷ್ಯ ನಿಧಿ ಸಂಘಟನೆಯು ಪ್ರತಿ ತಿಂಗಳು ಪ್ರಕಟಿಸುವ ಅಂಕಿಅಂಶಗಳಲ್ಲಿ ಹೊಸದಾಗಿ ಸೇರುವ ಸದಸ್ಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ 18ರಿಂದ 25 ವರ್ಷದವರೇ ಇರುತ್ತಾರೆ. ಇವರಲ್ಲಿ ಅನೇಕರು ಮೊದಲ ತಿಂಗಳಲ್ಲೇ ಎದುರಿಸುವ ಗೊಂದಲವೆಂದರೆ, ನೇಮಕಾತಿ ಪತ್ರದಲ್ಲಿರುವ ಮೊತ್ತಕ್ಕೂ ಖಾತೆಗೆ ಜಮೆಯಾದ ಮೊತ್ತಕ್ಕೂ ತಾಳೆಯಾಗದಿರುವುದು. ಪತ್ರದಲ್ಲಿರುವುದು ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 6 ಲಕ್ಷ ರೂಪಾಯಿಯ ಸಿಟಿಸಿ ಇದೆಯೆಂದುಕೊಂಡರೆ ತಿಂಗಳಿಗೆ 50,000 ಆಯಿತು. ಮೂಲ ವೇತನ ಅದರ ಅರ್ಧ, 25,000. ಭವಿಷ್ಯ ನಿಧಿಗೆ ಮಾಲೀಕರ ಪಾಲನ್ನು ಶಾಸನಬದ್ಧ ಮಿತಿಯಾದ 15,000 ರೂಪಾಯಿಯ ಮೇಲೆ ಶೇ 12ರಂತೆ ಲೆಕ್ಕಹಾಕಿದರೆ 1,800 ರೂಪಾಯಿ, ಗ್ರಾಚ್ಯುಟಿಗೆಂದು ಎತ್ತಿಡುವುದು ಮೂಲ ವೇತನದ ಶೇ 4.81ರಂತೆ ಸುಮಾರು 1,200 ರೂಪಾಯಿ, ಇವೆರಡೂ ನೌಕರನ ಕೈಗೆ ಬರುವ ಮೊದಲೇ ಸಿಟಿಸಿಯಿಂದ ಕಳೆದುಹೋಗುತ್ತವೆ. ಉಳಿದ 47,000ದಲ್ಲಿ ಭವಿಷ್ಯ ನಿಧಿಗೆ ನೌಕರನದೇ ಪಾಲು ಇನ್ನೊಂದು 1,800, ಕರ್ನಾಟಕದಲ್ಲಿ ವೃತ್ತಿ ತೆರಿಗೆ 200 (2025ರ ಬದಲಾವಣೆಯ ಅನಂತರ ಫೆಬ್ರುವರಿಯಲ್ಲಿ 300) ಕಳೆದರೆ ಕೈಗೆ ಸಿಗುವುದು ಸುಮಾರು 45,000. ಕಂಪನಿಯು ಪೂರ್ಣ ಮೂಲ ವೇತನದ ಮೇಲೆ ಭವಿಷ್ಯ ನಿಧಿ ಕಟ್ಟುವುದಾದರೆ ಇದು ಇನ್ನೂ ಸುಮಾರು 2,400 ರೂಪಾಯಿ ಇಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಕಂಪನಿಯ ಖರ್ಚನ್ನು ನೌಕರನ ಆದಾಯವೆಂಬಂತೆ ನೇಮಕಾತಿ ಪತ್ರದಲ್ಲಿ ಮೆರೆಸುವ ರೂಢಿಯನ್ನು ಪ್ರಾಮಾಣಿಕ ರೂಢಿ ಎನ್ನುವುದೂ ಕಷ್ಟ. ಹಿಂದಿನವರು ತಮ್ಮ ಸಂಬಳ ಚೀಟಿಯ ಕೊನೆಯ ಸಾಲನ್ನಷ್ಟೇ ನೋಡಿ ಮಡಿಚಿಡುತ್ತಿದ್ದರೆ, ಹೊಸಬರು ಪ್ರತಿ ಸಾಲಿಗೂ ವಿವರಣೆ ಕೇಳುತ್ತಾರೆ, ಸಹೋದ್ಯೋಗಿಯ ಚೀಟಿಯೊಂದಿಗೆ ಹೋಲಿಸಿಯೂ ನೋಡುತ್ತಾರೆ. ಸಂಬಳವನ್ನು ಯಾರಿಗೂ ಹೇಳಬಾರದೆಂಬ ಷರತ್ತು ಎಷ್ಟೋ ನೇಮಕಾತಿ ಪತ್ರಗಳಲ್ಲಿ ಇನ್ನೂ ಇದೆಯಾದರೂ ಅದನ್ನು ಪಾಲಿಸುವವರು ಕಡಿಮೆಯಾಗುತ್ತಿದ್ದಾರೆ. ಅಮೆರಿಕದ ಕೊಲೊರಾಡೊ ರಾಜ್ಯ 2021ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ಶ್ರೇಣಿಯನ್ನು ತಿಳಿಸಬೇಕೆಂದು ವಿಧಿಸಿತು, ಐರೋಪ್ಯ ಒಕ್ಕೂಟ 2023ರಲ್ಲಿ ಇಂಥದೇ ನಿರ್ದೇಶನವನ್ನು ಅಂಗೀಕರಿಸಿತು. ಭಾರತದಲ್ಲಿ ಅಂಥ ಕಾನೂನಿಲ್ಲ.

ಸಂಬಳದ ಲೆಕ್ಕ ಕೇಳುವವರು ತಂತ್ರಾಂಶ ಕಂಪನಿಗಳ ಪದವೀಧರರಷ್ಟೇ ಎಂದು ಭಾವಿಸುವುದು ತಪ್ಪಾಗುತ್ತದೆ. ಕೆಲಸ ಬಿಟ್ಟ ನೌಕರರು ಭವಿಷ್ಯ ನಿಧಿಯಲ್ಲಿ ತಮ್ಮ ಪಾಲನ್ನು ಮಾತ್ರ ಹಿಂಪಡೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ನಿಧಿಯಲ್ಲೇ ಇರಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಹೊರಡಿಸಿದಾಗ, ಅದನ್ನು ಹಿಮ್ಮೆಟ್ಟಿಸಿದವರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಕೆಲಸಗಾರರು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ, ಹೆಚ್ಚಿನವರು ಹೆಂಗಸರು, ಬಹುಮಟ್ಟಿಗೆ ಯಾವ ಸಂಘಟನೆಯ ಕರೆಗೂ ಕಾಯದೆ, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. 19ರಂದೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುತ್ತಿರುವ ಈ ಹೆಂಗಸರಿಗೆ ಪಿಎಫ್ ಹಣವೆಂದರೆ ಮುಪ್ಪಿನ ಆಸರೆಗಿಂತ ಹೆಚ್ಚಾಗಿ ಮಕ್ಕಳ ಶಾಲೆಯ ಫೀಸು, ಮನೆಯ ಅಡ್ವಾನ್ಸು, ಕೈಸಾಲದ ತೀರುವಳಿ. ನೀತಿಯನ್ನು ರೂಪಿಸಿದವರ ದೃಷ್ಟಿಯಲ್ಲಿ ಅದು ದೀರ್ಘಕಾಲದ ಉಳಿತಾಯವಾಗಿತ್ತು, ದುಡಿದವರ ದೃಷ್ಟಿಯಲ್ಲಿ ತಡವಾಗಿ ಕೈಸೇರುವ ಸಂಬಳವಾಗಿತ್ತು. 2014ರಲ್ಲಿ ಜಾರಿಗೆ ಬಂದ ಯುಎಎನ್ ಎಂಬ 12 ಅಂಕಿಗಳ ಏಕೈಕ ಖಾತೆ ಸಂಖ್ಯೆಯಿಂದ ಇನ್ನೊಂದು ಬದಲಾವಣೆಯೂ ಆಯಿತು: ಸಂಬಳದಲ್ಲಿ ಹಿಡಿದ ಪಿಎಫ್ ಹಣವನ್ನು ಮಾಲೀಕರು ಮುಂದಿನ ತಿಂಗಳ 15ರೊಳಗೆ ನಿಜವಾಗಿ ಕಟ್ಟಿದ್ದಾರೆಯೇ ಎಂಬುದನ್ನು ಕೆಲಸ ಬಿಡುವ ದಿನದವರೆಗೆ ಕಾಯದೆ, ಮೊಬೈಲಿನ ಪಾಸ್‌ಬುಕ್ಕಿನಲ್ಲೇ ನೋಡಿಕೊಳ್ಳುವುದು ಸಾಧ್ಯವಾಯಿತು.

ಕೆಲಸ ಬಿಡುವಾಗಿನ ಲೆಕ್ಕವೇ ಈ ತಲೆಮಾರಿನ ದೊಡ್ಡ ತಕರಾರು. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರಿಗೆ ಫುಲ್ ಅಂಡ್ ಫೈನಲ್ ಎಂದು ಕರೆಯುವ ಅಂತಿಮ ಇತ್ಯರ್ಥ ಪದೇ ಪದೇ ಎದುರಾಗುತ್ತದೆ; ಬಾಕಿ ದಿನಗಳ ಸಂಬಳ, ಉಳಿದ ರಜೆಯ ನಗದೀಕರಣ, ನೋಟಿಸ್ ಅವಧಿಯ ಕಡಿತ, ಲ್ಯಾಪ್‌ಟಾಪ್ ಹಿಂದಿರುಗಿಸಿದ ಬಗ್ಗೆ ಬೇರೆ ಬೇರೆ ವಿಭಾಗಗಳ ಒಪ್ಪಿಗೆ ಇವೆಲ್ಲ ಮುಗಿಯಲು ತಿಂಗಳು, ಒಂದೂವರೆ ತಿಂಗಳು ಹಿಡಿಯುವುದು ವಾಡಿಕೆಯಾಗಿತ್ತು. 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಇತರ ಮೂರು ಕಾರ್ಮಿಕ ಸಂಹಿತೆಗಳೊಂದಿಗೆ ಜಾರಿಗೆ ಬಂದಾಗ, ರಾಜೀನಾಮೆ ಇತ್ತವರಿಗೂ ವಜಾ ಆದವರಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಪಾವತಿಯಾಗಬೇಕೆಂಬ ನಿಯಮ ಬಂತು. ತಿಂಗಳಿಗೊಮ್ಮೆ ಲೆಕ್ಕ ಹಾಕುವ ಕಚೇರಿಗೆ ಇದನ್ನು ಪಾಲಿಸಲು ಸಾಧ್ಯವೇ ಇಲ್ಲ. ಪ್ರತಿಯೊಬ್ಬರ ಲೆಕ್ಕವೂ ಪ್ರತಿದಿನವೂ ಸಿದ್ಧವಾಗಿರಬೇಕಾಗುತ್ತದೆ. ಇದರೊಂದಿಗೆ ವೇತನದ ವ್ಯಾಖ್ಯೆಯೂ ಬದಲಾಯಿತು: ಭತ್ಯೆಗಳು ಮುಂತಾದ ಹೊರತುಪಡಿಸಿದ ಬಾಬುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಹೆಚ್ಚಿನ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕಹಾಕಬೇಕು. ಮೂಲ ವೇತನವನ್ನು ಬೇಕೆಂದೇ ಕಡಿಮೆ ಇಟ್ಟು ಭತ್ಯೆಗಳನ್ನು ಉಬ್ಬಿಸುತ್ತಿದ್ದ ಕಂಪನಿಗಳಲ್ಲಿ ಇದರಿಂದ ಗ್ರಾಚ್ಯುಟಿಯ ಆಧಾರ ಹಿಗ್ಗುತ್ತದೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಐದು ವರ್ಷದ ಬದಲು ಒಂದೇ ವರ್ಷದ ಸೇವೆಗೆ ಗ್ರಾಚ್ಯುಟಿ ಸಿಗುವಂತಾದದ್ದೂ ಕಿರಿಯರಿಗೆ ಆಗಿರುವ ನಿಜವಾದ ಲಾಭ.

ತಿಂಗಳ ಮಧ್ಯದಲ್ಲೇ, ಅಲ್ಲಿಯವರೆಗೆ ದುಡಿದ ದಿನಗಳ ಸಂಬಳವನ್ನು ಮೊಬೈಲ್ ಆ್ಯಪಿನ ಮೂಲಕ ತೆಗೆದುಕೊಳ್ಳುವ ಸೌಲಭ್ಯ ಅಮೆರಿಕದಲ್ಲಿ ಹಬ್ಬಿ ಭಾರತಕ್ಕೂ ಬಂದಿದೆ. ಇದನ್ನು ಸಾಲವೆನ್ನಬೇಕೆ, ಸ್ವಂತ ಹಣವೆನ್ನಬೇಕೆ ಎಂಬ ವಾದ ಅಲ್ಲಿ ನಡೆಯುತ್ತಲೇ ಇದ್ದು, ನೆವಾಡ ರಾಜ್ಯ 2023ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಹತ್ತು ದಿನ ಮುಂಚಿತವಾಗಿ ಸಾವಿರ ರೂಪಾಯಿ ಪಡೆಯಲು 50 ರೂಪಾಯಿ ಶುಲ್ಕ ತೆತ್ತರೆ, ವಾರ್ಷಿಕ ಬಡ್ಡಿಯ ಲೆಕ್ಕಕ್ಕೆ ತಂದಾಗ ಅದು ಶೇ 180ನ್ನು ದಾಟುತ್ತದೆ. ಮಾಲೀಕನ ಮುಂದೆ ನಿಂತು ಅಡ್ವಾನ್ಸ್ ಕೇಳುವ ಮುಜುಗರ ತಪ್ಪುತ್ತದೆಂಬುದು ನಿಜ, ಆದರೆ ಆ ಹಳೆಯ ಅಡ್ವಾನ್ಸಿಗೆ ಸಾಮಾನ್ಯವಾಗಿ ಬಡ್ಡಿ ಇರುತ್ತಿರಲಿಲ್ಲ. ಶುಲ್ಕವನ್ನು ಕಂಪನಿಯೇ ಭರಿಸುವ ಕಡೆ ಮಾತ್ರ ಇದನ್ನು ಸೌಲಭ್ಯವೆನ್ನಬಹುದು. ಇನ್ನು ಸಂಬಳವೇ ಸಾಲದವರಿಗೆ, ಅದು ಬೇಗ ಬಂದರೆ ಬೇಗ ಮುಗಿಯುತ್ತದೆ, ಅಷ್ಟೆ.

ವೇಗವೇ ಎಲ್ಲವೂ ಅಲ್ಲವೆಂಬುದಕ್ಕೆ ಆಹಾರ ತಲುಪಿಸುವ, ಕ್ಯಾಬ್ ಓಡಿಸುವ ಗಿಗ್ ಕಾರ್ಮಿಕರ ಸ್ಥಿತಿಯೇ ಸಾಕ್ಷಿ. ಪ್ರತಿ ಆರ್ಡರಿಗೂ ಎಷ್ಟು ಬಂತೆಂಬುದು ಅವರ ಪರದೆಯ ಮೇಲೆ ಆಗಲೇ ಮೂಡುತ್ತದೆ. ಆದರೆ ನಿನ್ನೆ ಅಷ್ಟೇ ದೂರಕ್ಕೆ ಬಂದ ಮೊತ್ತ ಇಂದು ಏಕೆ ಕಡಿಮೆಯಾಯಿತು, ಪ್ರೋತ್ಸಾಹಧನ ಏಕೆ ತಪ್ಪಿತು ಎಂಬುದಕ್ಕೆ ಉತ್ತರಿಸುವ ಸಂಬಳದ ಗುಮಾಸ್ತನೊಬ್ಬ ಅಲ್ಲಿಲ್ಲ. ತಮ್ಮ ಗಳಿಕೆಯನ್ನು ಎಲ್ಲರಿಗಿಂತ ಬೇಗ ಕಾಣುವವರೇ ಅದರ ಲೆಕ್ಕವನ್ನು ಎಲ್ಲರಿಗಿಂತ ಕಡಿಮೆ ಬಲ್ಲವರಾಗಿದ್ದಾರೆ. ಕರ್ನಾಟಕವು 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಅನಂತರ ಕಾಯ್ದೆಯಾಗಿ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾನೂನು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಡುವುದರ ಜೊತೆಗೆ, ಗಣಕದ ಸ್ವಯಂಚಾಲಿತ ನಿರ್ಧಾರಗಳು ಕಾರ್ಮಿಕರ ಮೇಲೆ ಹೇಗೆ ಪರಿಣಾಮ ಬೀರುತ್ತವೆಂಬುದರಲ್ಲಿ ಪಾರದರ್ಶಕತೆಯನ್ನೂ ಬಯಸುತ್ತದೆ. ಎರಡನೆಯ ಅಂಶವೇ ಹೆಚ್ಚು ಮಹತ್ವದ್ದು, ಜಾರಿಗೆ ತರಲು ಹೆಚ್ಚು ಕಷ್ಟವಾದದ್ದೂ ಅದೇ.

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದವರ ವೃತ್ತಿಯೂ ಇದೇ ಹೊತ್ತಿನಲ್ಲಿ ಬದಲಾಗುತ್ತಿದೆ. ಸಂಬಳದ ವಿಭಾಗವೆಂದರೆ ಹಿಂದಿನ ಮಾತಿನಲ್ಲಿ ಹಾಜರಿ ಪುಸ್ತಕ, ಬಟವಾಡೆ ಪಟ್ಟಿ, ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ. ಮೊನ್ನೆಮೊನ್ನೆಯವರೆಗೂ ಖಾಸಗಿ ಕಂಪನಿಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ದೊಡ್ಡ ಕೆಲಸವೆಂದರೆ ಮನೆ ಬಾಡಿಗೆಯ ರಸೀದಿ, ವಿಮೆಯ ಕಂತು ಮುಂತಾದ ದಾಖಲೆಗಳನ್ನು ಪರಿಶೀಲಿಸಿ ತೆರಿಗೆ ವಿನಾಯಿತಿ ಕೊಡುವುದಾಗಿತ್ತು. 2020ರ ಬಜೆಟ್ಟಿನಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ವಿನಾಯಿತಿಗಳು ಬಹುಪಾಲು ಇಲ್ಲ. 2023-24ರಿಂದ ಬೇರೆಯದನ್ನು ಆರಿಸಿಕೊಳ್ಳದವರಿಗೆಲ್ಲ ಅದೇ ಪದ್ಧತಿ ಅನ್ವಯವಾಗಿ, 2025ರ ಬಜೆಟ್ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರದಂತೆ ಮಾಡಿದ ಮೇಲೆ, ಗೃಹಸಾಲ ಮುಂತಾದ ಕಂತುಗಳಿಲ್ಲದ ಕಿರಿಯ ನೌಕರರಿಗೆ ರಸೀದಿಗಳ ಗೊಡವೆಯೇ ಉಳಿದಿಲ್ಲ. ಹೀಗೆ ಗುಮಾಸ್ತಿಕೆಯ ಕೆಲಸದ ಒಂದು ದೊಡ್ಡ ಪಾಲು ಕರಗಿತು.

ಹಾಗಾದರೆ ಉಳಿದದ್ದನ್ನೂ ಯಂತ್ರಕ್ಕೆ ಬಿಡಬಹುದಲ್ಲವೇ ಎಂದು ಯೋಚಿಸುವವರು ಕೆನಡಾದ ಫೀನಿಕ್ಸ್ ಪ್ರಕರಣವನ್ನು ಗಮನಿಸಬೇಕು. ಅಲ್ಲಿಯ ಕೇಂದ್ರ ಸರ್ಕಾರ ತನ್ನ ನೌಕರರ ಸಂಬಳಕ್ಕೆಂದು ಫೀನಿಕ್ಸ್ ಎಂಬ ಹೊಸ ತಂತ್ರಾಂಶ ತರುವ ಮುನ್ನ, ವಿವಿಧ ಇಲಾಖೆಗಳಲ್ಲಿದ್ದ ಸುಮಾರು 1,200 ಅನುಭವಿ ಸಂಬಳ ಸಲಹೆಗಾರರ ಹುದ್ದೆಗಳನ್ನು ತೆಗೆದು, ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಿರಮಿಶಿ ಎಂಬ ಊರಿನ ಕೇಂದ್ರದಲ್ಲಿ ಸುಮಾರು 550 ಮಂದಿಯನ್ನು ಕೂರಿಸಿತು. 2016ರ ಫೆಬ್ರುವರಿಯಲ್ಲಿ ವ್ಯವಸ್ಥೆ ಆರಂಭವಾದದ್ದೇ ತಡ, ಸಾವಿರಾರು ನೌಕರರಲ್ಲಿ ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಹೆಚ್ಚು ಬಂದು ಅದನ್ನು ಹಿಂದಿರುಗಿಸುವ ಪಾಡಾಯಿತು. ಉಳಿತಾಯವಾಗಬೇಕಿದ್ದ ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅದನ್ನು ಸರಿಪಡಿಸಲು ಖರ್ಚಾಯಿತು. ಪ್ರತಿ ಇಲಾಖೆಯ ಒಪ್ಪಂದದ ಸೂಕ್ಷ್ಮಗಳನ್ನು ತಲೆಯಲ್ಲಿಟ್ಟುಕೊಂಡಿದ್ದವರು ಹೊರಟುಹೋದ ಮೇಲೆ, ತಂತ್ರಾಂಶ ಕೊಟ್ಟ ಉತ್ತರ ತಪ್ಪೆಂದು ಗುರುತಿಸಬಲ್ಲವರೇ ಸಾಕಷ್ಟು ಉಳಿದಿರಲಿಲ್ಲ.

ಬೆಂಗಳೂರಿನಲ್ಲಿ ಜಾಗತಿಕ ಕಂಪನಿಗಳ ಸಂಬಳದ ಕೆಲಸ ಮಾಡುವ ಕಚೇರಿಗಳಿಗೆ ಸೇರುತ್ತಿರುವ ಬಿ.ಕಾಂ. ಪದವೀಧರರಿಂದ ಅಪೇಕ್ಷಿಸುವುದು ಇಂಥ ಗುರುತಿಸುವ ಶಕ್ತಿಯನ್ನೇ. ಅಮೆರಿಕದಲ್ಲಿ 1982ರಲ್ಲಿ ಸ್ಥಾಪನೆಯಾದ, ಈಗ ಪೇರೋಲ್‌ಆರ್ಗ್ ಎಂಬ ಹೆಸರಿನ ವೃತ್ತಿಸಂಘ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಭಾರತದಲ್ಲಿ ಈ ವಿದ್ಯೆಯನ್ನು ಬಹುತೇಕರು ಮೇಲಿನವರ ಪಕ್ಕ ಕುಳಿತೇ ಕಲಿಯುತ್ತಾರೆ. ದೇಶದೊಳಗಿನ ಕೆಲಸಕ್ಕೇ ಭವಿಷ್ಯ ನಿಧಿ, ಇಎಸ್‌ಐ, ರಾಜ್ಯ ರಾಜ್ಯಕ್ಕೂ ಬೇರೆಯಾದ ವೃತ್ತಿ ತೆರಿಗೆ, 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆ, ಈಗ ನಾಲ್ಕು ಸಂಹಿತೆಗಳು, ಇಷ್ಟು ಗೊತ್ತಿರಬೇಕು. ಅದರ ಮೇಲೆ ನೌಕರನ ಪ್ರಶ್ನೆಗೆ ಸರಳವಾಗಿ ಉತ್ತರಿಸುವ ಮಾತುಗಾರಿಕೆಯೂ ಬೇಕು. ಕೂಡುವ ಕಳೆಯುವ ಕೆಲಸಕ್ಕೆ ಬೆಲೆ ಇಳಿದು, ತಿಳಿಸಿ ಹೇಳುವ ಕೆಲಸಕ್ಕೆ ಬೆಲೆ ಏರಿದೆ. ಆದರೆ ಈ ವಿಭಾಗಕ್ಕೆ ಸೇರುವವರೂ ಅದೇ ತಲೆಮಾರಿನವರಾದ್ದರಿಂದ, ತಿಂಗಳ ಕೊನೆಯ ವಾರ ರಜೆ ಕೇಳಬಾರದೆಂಬ ಇಲ್ಲಿಯ ಹಳೆಯ ಅಲಿಖಿತ ನಿಯಮವನ್ನು ಅವರು ಹಿರಿಯರಂತೆ ಸುಮ್ಮನೆ ಒಪ್ಪಿಕೊಳ್ಳುತ್ತಿಲ್ಲ. ಎರಡು ದಿನಗಳ ಇತ್ಯರ್ಥದ ನಿಯಮದಿಂದಾಗಿ ತಿಂಗಳ ಕೊನೆಯ ಒತ್ತಡ ಈಗ ತಿಂಗಳಿಡೀ ಹರಡಿಕೊಂಡಿದೆ. ಅದಕ್ಕೆ ತಕ್ಕಂತೆ ಆಳುಗಳನ್ನು ಹೆಚ್ಚಿಸುವುದೋ, ಇರುವವರನ್ನೇ ದುಡಿಸುವುದೋ ಎಂಬ ತೀರ್ಮಾನ ಕಂಪನಿಗಳ ಮುಂದಿದೆ.