ನಿಮಗಿದು ಗೊತ್ತೆ? ಕೇರಳದಲ್ಲಿ ಸಾವಿನ ದರ ಬಿಹಾರಕ್ಕಿಂತ ಹೆಚ್ಚು!

ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2020ರ ಲೆಕ್ಕದಂತೆ ಕೇರಳದಲ್ಲಿ ಸಾವಿರ ಜನರಿಗೆ 7 ಸಾವು, ಬಿಹಾರದಲ್ಲಿ 5.4. ಹಾಗಾದರೆ ಆರೋಗ್ಯದಲ್ಲಿ ಬಿಹಾರವೇ ಮುಂದೆಯೇ? ಖಂಡಿತ ಅಲ್ಲ. ಅದೇ ವರ್ಷ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವು ಬಿಹಾರದಲ್ಲಿ 27, ಕೇರಳದಲ್ಲಿ ಬರೀ 6.

ಗುಟ್ಟಿರುವುದು ವಯಸ್ಸಿನಲ್ಲಿ. 2011ರ ಜನಗಣತಿಯ ವೇಳೆಗೇ ಕೇರಳದಲ್ಲಿ 60 ದಾಟಿದವರು ಶೇ 12.6ರಷ್ಟಿದ್ದರು, ಬಿಹಾರದಲ್ಲಿ ಶೇ 7.4. ಅಜ್ಜ-ಅಜ್ಜಿಯರು ಹೆಚ್ಚಿರುವ ಕಡೆ ಸಾವೂ ಹೆಚ್ಚು. ಅವರು ಅಷ್ಟು ಕಾಲ ಬಾಳಿದ್ದೇ ಒಳ್ಳೆಯ ಆರೋಗ್ಯದ ಗುರುತು ಎಂಬುದನ್ನು ಈ ಒಟ್ಟು ಲೆಕ್ಕ, ಅಂದರೆ ಕಚ್ಚಾ ಮರಣ ದರ, ಮುಚ್ಚಿಡುತ್ತದೆ. ಈ ಒಂದೇ ಅಂಕಿ ಹಿಡಿದು ರಾಜ್ಯಗಳಿಗೆ ಅಂಕ ಕೊಡುವುದು ದೊಡ್ಡ ತಪ್ಪು.

ಅದಕ್ಕೇ ಬೇಕು ವಯೋನಿರ್ದಿಷ್ಟ ದರ. ಒಂದು ವಯೋಗುಂಪಿನಲ್ಲಿ ವರ್ಷವಿಡೀ ಆದ ಸಾವುಗಳನ್ನು, ವರ್ಷದ ನಡುವೆ ಆ ಗುಂಪಿನಲ್ಲಿದ್ದ ಜನರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸುತ್ತಾರೆ. ಒಂದು ತಾಲ್ಲೂಕಿನಲ್ಲಿ 60–64ರ ವಯಸ್ಸಿನವರು 4,000 ಮಂದಿ ಇದ್ದು, ಅವರಲ್ಲಿ 80 ಜನ ತೀರಿಕೊಂಡರು ಎನ್ನಿ, ದರ 20. ಈಗ ಪಕ್ಕದ ತಾಲ್ಲೂಕಿನ ಅದೇ ವಯಸ್ಸಿನವರ ಜೊತೆ ಹೋಲಿಸಿದರೆ ನ್ಯಾಯ.

ಹೀಗೆ ಐದೈದು ವರ್ಷದ ಗುಂಪು ಮಾಡಲು ಒಂದು ಕಾರಣವಿದೆ. ಗಣತಿದಾರರು ವಯಸ್ಸು ಕೇಳಿದಾಗ ಎಷ್ಟೋ ಅಜ್ಜಿಯರು ‘ಅರವತ್ತೋ ಅರವತ್ತೈದೋ ಇರಬೇಕಪ್ಪ’ ಎನ್ನುತ್ತಾರೆ. ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿನವರೇ ಪಟ್ಟಿಯಲ್ಲಿ ರಾಶಿ ಬೀಳುತ್ತಾರೆ. ಗುಂಪು ಮಾಡಿದರೆ ಆ ಏರುಪೇರು ತಕ್ಕಮಟ್ಟಿಗೆ ಸರಿಹೋಗುತ್ತದೆ.