ಭೋರ್ ಘಾಟಿನಲ್ಲಿ ಹಿಂದಿನಿಂದ ತಳ್ಳುವವರು

ಸ್ವಿಟ್ಜರ್ಲೆಂಡ್ ನೋಡಿ ಬಂದವರ ಮೊಬೈಲಿನಲ್ಲಿ ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿನ ಕೆಂಪು ಬೋಗಿಗಳು ಇದ್ದೇ ಇರುತ್ತವೆ. ನೋಡಬೇಕಾದದ್ದೇ. ಆದರೆ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈಗೆ ಹೊರಟ ನಮ್ಮವರು, ಪುಣೆ ದಾಟಿ ಲೋಣಾವಳ ಬರುವ ಹೊತ್ತಿಗೆ ಸೀಟಿನಡಿಯ ಬ್ಯಾಗು ಎಳೆಯುವುದರಲ್ಲಿ ಮುಳುಗಿರುತ್ತಾರೆ. ಅಲ್ಲಿಂದ ಕರ್ಜತ್‌ವರೆಗಿನ ಭೋರ್ ಘಾಟ್, ದೇಶದ ಅತಿ ಕಡಿದಾದ ಬ್ರಾಡ್‌ಗೇಜ್ ದಾರಿಗಳಲ್ಲೊಂದು.

ಇದರ ಏರು 37ಕ್ಕೆ 1. ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲಕ್ಕೆ. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ. ಸ್ವಿಸ್ಸರ ಬರ್ನಿನಾ ದಾರಿಯ ಏರು ಇದರ ಎರಡೂವರೆ ಪಟ್ಟು. ಆದರೆ ಅಲ್ಲಿ ಓಡುವುದು ಮೀಟರ್‌ಗೇಜಿನ ಚಿಕ್ಕ ಗಾಡಿ. ಇಲ್ಲಿ ಇಪ್ಪತ್ತು ಬೋಗಿಗಳ ಗಾಡಿ ಪೂರ್ತಿ ಏರಿನ ಮೇಲಿದ್ದಾಗ ಅದರ ಮೂತಿ ಬಾಲಕ್ಕಿಂತ ನಾಲ್ಕು ಅಂತಸ್ತಿನಷ್ಟು ಮೇಲಿರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯೂ ಇದಕ್ಕಿಂತ ಸೌಮ್ಯ, 50ಕ್ಕೆ 1. ಭೋರ್ ಘಾಟಿಗೆ ಸರಿಸಾಟಿ ನಮ್ಮ ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ದಾರಿಯೇ.

ಹೀಗಾಗಿ ಮುಂಬೈ ಕಡೆಯಿಂದ ಬರುವ ಹೆಚ್ಚಿನ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದುಗಡೆ ಎರಡೋ ಮೂರೋ ಎಂಜಿನ್ ಜೋಡಿಸುತ್ತಾರೆ. ರೈಲ್ವೆಯವರ ಬಾಯಲ್ಲಿ ಇವು ‘ಬ್ಯಾಂಕರ್’. ಅವನ್ನೂ ಮುಂದೆಯೇ ಕಟ್ಟಬಾರದೇಕೆ? ಆಗ ಇಡೀ ಗಾಡಿಯ ಭಾರ ಮುಂದಿನ ಬೋಗಿಗಳ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ಕಳಚಿದರೆ ಹಿಂದಿನ ಬೋಗಿಗಳನ್ನು ತಡೆಯಲು ಬಾಲದಲ್ಲೊಂದು ಎಂಜಿನ್ ಇರುವುದೇ ಕ್ಷೇಮ. ಮುಂದಿನ ಲೋಕೊ ಪೈಲಟ್ ಹಾರ್ನ್ ಹಾಕಿದರೆ ಬ್ಯಾಂಕರಿನವರು ಮರುಹಾರ್ನ್ ಕೊಡಬೇಕು. ಎರಡೂ ತುದಿಗಳ ಬಲ ಕೂಡಿಕೊಂಡಾಗಲೇ ಗಾಡಿ ಹದವಾಗಿ ಏರುತ್ತದೆ. ಮೇಲೆ ತಲುಪಿದ ಮೇಲೆ ಬ್ಯಾಂಕರ್ ಕಳಚಿಕೊಂಡು ಮುಂದಿನ ಗಾಡಿಗಾಗಿ ಇಳಿಯುತ್ತದೆ. ಕರ್ಜತ್‌ನ ಬಟಾಟೆ ವಡೆ ಇಷ್ಟು ಹೆಸರಾಗಿದ್ದರೆ ಅದಕ್ಕೆ ಈ ಜೋಡಣೆಗೆಂದು ಗಾಡಿ ನಿಲ್ಲುವುದೂ ಕಾರಣವೆಂದು ನನ್ನ ಗುಮಾನಿ.

ಏರುವುದಕ್ಕಿಂತ ಇಳಿಯುವುದು ಕಷ್ಟ. ಕೆಳಮುಖದ ಗಾಡಿಗಳು ಮಂಕಿ ಹಿಲ್, ಠಾಕೂರ್‌ವಾಡಿಯಂಥ ಕಡೆ ಪ್ರಯಾಣಿಕರಿಲ್ಲದಿದ್ದರೂ ನಿಂತು, ಬ್ರೇಕು ಹಿಡಿತದಲ್ಲಿದೆ ಎಂದು ತೋರಿಸಿಯೇ ಮುಂದುವರಿಯಬೇಕು. ಅಲ್ಲಿ ಹಳಿಯ ಕವಲು ಸಾಮಾನ್ಯವಾಗಿ ಗುಡ್ಡದ ಕಡೆಗೆ ಏರಿ ಮುಗಿಯುವ ‘ಕ್ಯಾಚ್ ಸೈಡಿಂಗ್’ ಕಡೆಗೇ ತಿರುಗಿರುತ್ತದೆ. ಗಾಡಿ ನಿಂತರೆ ಮಾತ್ರ ಮುಖ್ಯ ದಾರಿ ತೆರೆಯುತ್ತದೆ. ಬ್ರೇಕು ಕೈಕೊಟ್ಟ ಗಾಡಿ ಆ ಏರಿನಲ್ಲಿ ಹೋಗಿ ನಿಲ್ಲಲಿ ಎಂಬ ಲೆಕ್ಕ. ಏನೂ ಇಲ್ಲದ ಜಾಗದಲ್ಲಿ ಗಾಡಿ ಯಾಕೆ ನಿಂತಿತೆಂದು ಗೊಣಗುವವರು ಇದನ್ನು ತಿಳಿದರೆ ಒಳ್ಳೆಯದು.

ಈ ದಾರಿ ಕಡಿದದ್ದು 1856ರಿಂದ 1863ರವರೆಗೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ನಕ್ಷೆ ಹಾಕಿದರು. ಆದರೆ ಉದ್ಘಾಟನೆ ನೋಡಲು ಅವರು ಉಳಿಯಲಿಲ್ಲ. 1859ರಲ್ಲಿ ಕೂಲಿಯ ವಿಚಾರಕ್ಕೆ ಗಲಭೆಯಾಗಿ ಮೊದಲ ಗುತ್ತಿಗೆದಾರ ಕೈಬಿಟ್ಟ. ಬದಲಿಗೆ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ತೀರಿಕೊಂಡ. ಆತನ ಹೆಂಡತಿ ಅಲೈಸ್ ಊರಿಗೆ ಮರಳದೆ ಗುತ್ತಿಗೆಯನ್ನು ತಾನೇ ವಹಿಸಿಕೊಂಡು ಮುಗಿಸಿದಳು. 25 ಸುರಂಗಗಳ ಆ ಕೆಲಸದಲ್ಲಿ 1861ರ ಹೊತ್ತಿಗೆ 42,000 ಜನ ದುಡಿಯುತ್ತಿದ್ದರು. ಕಾಲರಾ, ಜ್ವರ, ಸಿಡಿಮದ್ದಿಗೆ ಸತ್ತವರು ಸುಮಾರು 25,000 ಎಂಬ ಅಂದಾಜಿದೆ. ಅವರಾರ ಹೆಸರೂ ನಮಗೆ ಸಿಗುವುದಿಲ್ಲ.

ಸ್ವಿಸ್ ನಂಟು ಇಲ್ಲಿಗೂ ಉಂಟು. 1920ರ ದಶಕದ ಕೊನೆಗೆ ಘಾಟಿಗೆ ವಿದ್ಯುತ್ ಬಂದಾಗ ಸರಕುಗಾಡಿ ಎಳೆಯಲು ತಂದ ಎಂಜಿನ್‌ಗಳಲ್ಲಿ ಮೊದಲ ಹತ್ತು ತಯಾರಾದದ್ದು ವಿಂಟರ್‌ಥೂರ್‌ನಲ್ಲಿ, ಆಲ್ಪ್ಸ್‌ನ ಪ್ರಸಿದ್ಧ ‘ಮೊಸಳೆ’ ಎಂಜಿನ್‌ಗಳನ್ನು ಮಾಡಿದ ಕಾರ್ಖಾನೆಯಲ್ಲೇ. ಇಲ್ಲಿನವರು ಆ ಎಂಜಿನ್‌ಗಳನ್ನು ‘ಖೇಕಡಾ’, ಅಂದರೆ ಏಡಿ, ಎಂದು ಕರೆದರು. ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಒಂದು ಏಡಿ ಈಗಲೂ ಇದೆ.

ಇದೇ ದಾರಿಯಲ್ಲಿ ಓಡುವ, 1930ರ ಜೂನ್ 1ರಂದು ಶುರುವಾದ ಡೆಕ್ಕನ್ ಕ್ವೀನ್‌ಗೂ ಡೆಕ್ಕನ್ ಎಕ್ಸ್‌ಪ್ರೆಸ್‌ಗೂ 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಬಂದಿದೆ. ಮಳೆಗಾಲದ ಜಲಪಾತ ನೋಡುವವರಿಗೆ ಅದೇ ಸರಿ. ನನ್ನ ಸಲಹೆ ಬೇರೆ: ಮುಂಬೈಯಿಂದ ಪುಣೆಗೆ ಬರುವ ದೂರದ ಗಾಡಿಯೊಂದರ ಕೊನೆಯ ಬೋಗಿಯಲ್ಲಿ ಟಿಕೆಟ್ ಮಾಡಿಸಿ, ಕರ್ಜತ್‌ನಲ್ಲಿ ಇಳಿದು ಬ್ಯಾಂಕರ್ ಜೋಡಿಸುವುದನ್ನು ನೋಡಿ. ಜುಲೈ–ಆಗಸ್ಟ್‌ನಲ್ಲಿ ಬಂಡೆ ಕುಸಿದು ಗಾಡಿಗಳು ರದ್ದಾಗುವುದೂ ಉಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.